ಮನೆಗೆ ಬಂದ ಜೀವದ ಹೊಣೆ

ಹವಿಸ್ಸನ್ನು ಮುಟ್ಟಿತೆಂದು ಪೆಟ್ಟು ತಿಂದು ಪ್ರಾಣ ಬಿಡುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರ ಕುಮಾರನು ಪಂಚನಮಸ್ಕಾರ ಮಂತ್ರವನ್ನು ಉಸುರಿದನು. ಆ ಜೀವವು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಉಪಕಾರವನ್ನು ಮರೆಯದೆ ಅವನ ಸಂಕಟಕಾಲದಲ್ಲಿ ನೆರವಾಯಿತು. ನಾಯಿಯೂ ಪಂಚೇಂದ್ರಿಯ ಜೀವಿ. ಅದರೊಳಗಿರುವುದೂ ನಮ್ಮಂಥದೇ ಆತ್ಮ.

ಇಂದು ಅಕ್ಕರೆಯಿಂದ ನಾಯಿಮರಿಯನ್ನು ತಂದವರಲ್ಲಿ ಕೆಲವರು, ಅದಕ್ಕೆ ಮುಪ್ಪು ಅಥವಾ ರೋಗ ಬಂದಾಗ ಬೀದಿಗೆ ಬಿಡುತ್ತಾರೆ. 'ಕೊಲ್ಲಲಿಲ್ಲವಲ್ಲ' ಎಂಬ ಸಮಾಧಾನ ಅವರದು. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಇಂಥ ಸಮಾಧಾನಕ್ಕೆ ಎಡೆಗೊಡದು. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ 5 ಅತಿಚಾರಗಳು ಅಹಿಂಸಾಣುವ್ರತಕ್ಕೆ ಕಲೆಯೆಂದು ಅದು ಹೇಳುತ್ತದೆ. ದಿನವಿಡೀ ಸರಪಳಿಯಲ್ಲಿಡುವುದು ಬಂಧ. ಕೋಪದಿಂದ ಹೊಡೆಯುವುದು ವಧ. ಅಂದಕ್ಕಾಗಿ ಕಿವಿ, ಬಾಲಗಳನ್ನು ಕತ್ತರಿಸುವುದು ಛೇದ. ನಮ್ಮ ಕೈತುತ್ತನ್ನೇ ನಂಬಿದ ಪ್ರಾಣಿಯನ್ನು ಹೊರದೂಡಿದರೆ ಅದರ ಅನ್ನನೀರನ್ನು ತಡೆದಂತೆಯೇ ಅಲ್ಲವೇ? ಸಕಾರಣವಿಲ್ಲದೆ ಸಾಕುಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಅಪರಾಧ.

ಶಾಸ್ತ್ರಗಳು ಚತುಷ್ಪದಗಳನ್ನು ಬಾಹ್ಯ ಪರಿಗ್ರಹದಲ್ಲಿ ಎಣಿಸಿವೆ. ಆದ್ದರಿಂದ ಪ್ರತಿಷ್ಠೆಗಾಗಿ ನಾಯಿಯನ್ನು ತರುವುದು ಶ್ರಾವಕನಿಗೆ ಒಪ್ಪುವುದಿಲ್ಲ. ನಾಯಿ ಸಾಮಾನ್ಯವಾಗಿ 10ರಿಂದ 15 ವರ್ಷ ಬದುಕುತ್ತದೆ. ಅಷ್ಟು ಕಾಲ ಆಹಾರ, ಲಸಿಕೆ, ಚಿಕಿತ್ಸೆ, ಸಹವಾಸಗಳನ್ನು ನೀಡಬಲ್ಲೆವೇ ಎಂದು ಮನೆಮಂದಿಯೆಲ್ಲ ಮೊದಲೇ ಆಲೋಚಿಸಬೇಕು. ಆಗದೆಂದು ತೋರಿದರೆ ತರದಿರುವುದೇ ದಯೆ. ತಂದ ಮೇಲೆ ಅದರ ಕೊನೆಯುಸಿರಿನವರೆಗೂ ಕಾಯುವುದು ವ್ರತಪಾಲನೆಯೇ ಸರಿ.