ತಂಬಾಕು ಮುಟ್ಟದವರಿಗೂ ಗಂಟಲು ಕ್ಯಾನ್ಸರ್ ಯಾಕೆ?

"ಅವರು ಒಂದು ದಿನ ತಂಬಾಕು ಮುಟ್ಟಿದವರಲ್ಲ. ಅವರಿಗೆ ಹ್ಯಾಂಗ ಗಂಟಲು ಕ್ಯಾನ್ಸರ್ ಬಂತ್ರಿ?" ಸಂಜೆ ವರ್ಗದಲ್ಲಿ ಒಬ್ಬ ತಾಯಿ ಹೀಗೆ ಕೇಳಿದರು. ಬನ್ನಿ, ಉತ್ತರ ತಿಳಿಯೋಣ.

ನಮ್ಮ ದೇಶದಲ್ಲಿ ಬಾಯಿ, ಗಂಟಲು ಕ್ಯಾನ್ಸರಿಗೆ ದೊಡ್ಡ ಕಾರಣ ತಂಬಾಕು. ಗುಟಕಾ, ಮಾವಾ, ಮಿಸ್ರಿ, ಬೀಡಿ ಎಲ್ಲದರಲ್ಲೂ ತಂಬಾಕು ಇರುತ್ತದೆ. ಅಡಿಕೆ, ಶೆರೆ ಕೂಡ ಕಾರಣ. ಇನ್ನೊಂದು ಕಾರಣವೂ ಇದೆ. ಅದು ಎಚ್.ಪಿ.ವಿ. ಎಂಬ ವೈರಸ್.

ವೈರಸ್ ಅಂದರೆ ಕಣ್ಣಿಗೆ ಕಾಣದ ರೋಗಾಣು. ನೆಗಡಿ ತರುವುದೂ ಒಂದು ವೈರಸ್ಸೇ. ಎಚ್.ಪಿ.ವಿ.ಯಲ್ಲಿ 200ಕ್ಕೂ ಹೆಚ್ಚು ಜಾತಿಗಳಿವೆ. ಕೆಲವು ಜಾತಿಯಿಂದ ಕೈಕಾಲಿಗೆ ನರುಲಿ ಏಳುತ್ತವೆ, ಅಷ್ಟೆ. 16ನೇ ನಂಬರಿನ ಜಾತಿ ಮಾತ್ರ ಬಹಳ ಕೆಟ್ಟದ್ದು. ಇದನ್ನು ಜರ್ಮನಿಯ ವಿಜ್ಞಾನಿ ಹರಾಲ್ಡ್ ಸುರ್ ಹೌಸೆನ್ 1983ರಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರಿನಲ್ಲಿ ಕಂಡುಹಿಡಿದರು. 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಗಂಟಲು ಕ್ಯಾನ್ಸರಿಗೂ ಇದೇ ಜಾತಿ ಕಾರಣ.

ಇದು ಹೇಗೆ ಹರಡುತ್ತದೆ? ದೇಹ ಸಂಬಂಧದಿಂದ ಹರಡುತ್ತದೆ. ಆಗ ಬಾಯಿ ತಾಗಿದರೆ ಗಂಟಲಿಗೂ ಸೇರುತ್ತದೆ. ಇದರಲ್ಲಿ ನಾಚಿಕೆ ಪಡುವುದು ಏನೂ ಇಲ್ಲ. ಬಹಳ ಜನರಿಗೆ ಬಾಳಿನಲ್ಲಿ ಒಮ್ಮೆಯಾದರೂ ಈ ವೈರಸ್ ತಗಲುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಟಾನ್ಸಿಲ್‌ನಲ್ಲಿ, ನಾಲಿಗೆಯ ಬುಡದಲ್ಲಿ ಉಳಿದುಬಿಡುತ್ತದೆ. ಎಷ್ಟೋ ವರ್ಷಗಳ ಮೇಲೆ ಅಲ್ಲಿ ಕ್ಯಾನ್ಸರ್ ಆಗಬಹುದು. ಆದ್ದರಿಂದ ಯಾರಿಂದ ಬಂತು, ಯಾವಾಗ ಬಂತು ಎಂದು ಹೇಳಲು ಬರುವುದಿಲ್ಲ. ಇದಕ್ಕಾಗಿ ಗಂಡ ಹೆಂಡತಿ ಜಗಳ ಆಡಬೇಡಿ.

ಇನ್ನೊಂದು ಮಾತು. ಕ್ಯಾನ್ಸರ್ ಆದವರ ತಾಟು, ಲೋಟ ಬೇರೆ ಇಡಬೇಡಿ. ಜೊತೆಗೆ ಕೂತು ಉಂಡರೆ ಕ್ಯಾನ್ಸರ್ ಅಂಟುವುದಿಲ್ಲ.

ಈ ಗುರುತುಗಳನ್ನು ನೆನಪಿಡಿ:

ಕುತ್ತಿಗೆಯಲ್ಲಿ ಗಂಟು.
ನುಂಗುವಾಗ ನೋವು.
ವಾಸಿಯಾಗದ ಗಂಟಲು ನೋವು.
ಒಂದೇ ಕಿವಿಯಲ್ಲಿ ನೋವು.
ಧ್ವನಿ ಬದಲಾಗುವುದು.

ಇವುಗಳಲ್ಲಿ ಒಂದಾದರೂ ಮೂರು ವಾರ ಉಳಿದರೆ ದವಾಖಾನೆಗೆ ಹೋಗಿ. "ನನಗ ಯಾವ ಚಟಾನೂ ಇಲ್ಲ" ಎಂದು ಸುಮ್ಮನೆ ಕೂಡಬೇಡಿ. ಈ ವೈರಸ್ಸಿನಿಂದ ಆದ ಗಂಟಲು ಕ್ಯಾನ್ಸರ್ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಆದರೆ ಬೇಗ ತೋರಿಸಬೇಕು. ನಮ್ಮ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲೇ ಕ್ಯಾನ್ಸರ್ ದವಾಖಾನೆ ಇದೆ.

ಈ ವೈರಸ್ಸಿಗೆ ಲಸಿಕೆಯೂ ಇದೆ. ಪುಣೆಯಲ್ಲಿ ತಯಾರಾದ ಲಸಿಕೆ 2023ರಲ್ಲಿ ಬಂತು. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಬಹಳ ಒಳ್ಳೆಯದು. ವೈರಸ್ ತಗಲುವ ಮೊದಲೇ ಹಾಕಿಸಬೇಕು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಇದನ್ನು ಓದಿದಿರಿ. ಇವತ್ತು ರಾತ್ರಿ ಮನೆಯವರಿಗೂ ಓದಿ ಹೇಳಿರಿ.