ನಮ್ಮ ಗಾಡಿ ಯಾವ್ದು ಮಾರಾಯ?

ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕಿನಲ್ಲಿ ಬ್ರಾಡ್‌ವೇ ಪ್ಲಾಜಾದ ಮಹಡಿ ಪಾರ್ಕಿಂಗಿನ ಮೂರನೇ ಅಂತಸ್ತು. ಅಕ್ಟೋಬರಿನ ಒಂದು ಶನಿವಾರ, ಹೊತ್ತು ಹನ್ನೊಂದು. ತೀರ್ಥಹಳ್ಳಿಯಿಂದ ಬಂದು ಇನ್ನೂ ಎರಡು ವಾರವಾಗದ ಅಮ್ಮ ಹೊಸ ಚಪ್ಪಲಿಯ ಡಬ್ಬ ಹಿಡಿದು ಕಂಬದ ಪಕ್ಕ ನಿಂತಿದ್ದಾಳೆ. ನಾನು ಕೀಲಿಯ ಗುಂಡಿ ಒತ್ತುತ್ತ ಸಾಲಿನಿಂದ ಸಾಲಿಗೆ ಅಲೆಯುತ್ತಿದ್ದೇನೆ. ಎಲ್ಲೋ ‘ಕುಂಯ್’ ಎನ್ನುತ್ತದೆ. ಕಾಂಕ್ರೀಟ್ ಗೋಡೆಗಳಿಗೆ ಬಡಿದು ಬರುವ ದನಿ, ಎಡದಿಂದಲೋ ಬಲದಿಂದಲೋ ತಿಳಿಯುವುದಿಲ್ಲ. ಬೂದು ಬಣ್ಣದ್ದೊಂದು ಕಂಡು ಓಡುತ್ತೇನೆ; ಒಳಗೆ ಯಾರದೋ ಮಗುವಿನ ಸೀಟು. ಅದರ ಪಕ್ಕದ್ದೂ ಬೂದು. ಅದರಾಚೆಯದು ಬಿಳಿ, ಮತ್ತೆ ಬಿಳಿ, ಕಪ್ಪು, ಬೆಳ್ಳಿ, ಬೂದು.

‘ನಮ್ಮ ಗಾಡಿ ಯಾವ್ದು ಮಾರಾಯ?’ ಅಮ್ಮ ಕೂಗಿದಳು. ‘ಎಲ್ಲಾನೂ ಒಂದೇ ಬಾನಿ ಸುಣ್ಣದಲ್ಲಿ ಅದ್ದಿ ತೆಗೆದ ಹಾಗಿದೆಯಲ್ಲ!’

ಸುಣ್ಣ ಒಂದೇ ಅಲ್ಲ, ಇದ್ದಿಲು, ಸೀಸ, ತವರ, ಮೂರನೇ ದಿನದ ಒಲೆಬೂದಿ, ಎಲ್ಲವೂ ಅಲ್ಲಿದ್ದವು. ಮಾರುವವರು ಮಾತ್ರ ಅವಕ್ಕೆ ಇಡುವ ಹೆಸರುಗಳಲ್ಲಿ ಜಿಪುಣತನ ತೋರುವುದಿಲ್ಲ. ಟೊಯೊಟಾದವರ ಬೂದಿಗೆ ‘ಮ್ಯಾಗ್ನೆಟಿಕ್ ಗ್ರೇ’, ಹೊಂಡಾದವರ ಬೆಳ್ಳಿಗೆ ‘ಲೂನಾರ್ ಸಿಲ್ವರ್’, ಟೆಸ್ಲಾದವರದು ‘ಸ್ಟೆಲ್ತ್ ಗ್ರೇ’. ಅಯಸ್ಕಾಂತ, ಚಂದ್ರಲೋಕ, ಕಳ್ಳಹೆಜ್ಜೆ! ವಿಭೂತಿಗೆ ಇಷ್ಟು ಹೆಸರಿಟ್ಟು ಮಾರಬಹುದೆಂದು ನಮ್ಮ ಮಠಗಳಿಗೂ ಹೊಳೆದಿರಲಿಕ್ಕಿಲ್ಲ.

ಹಳೆಯ ಕಾರುಗಳ ವ್ಯಾಪಾರದ ಲೆಕ್ಕ ಇಡುವ ಐಸೀಕಾರ್ಸ್ ಸಂಸ್ಥೆ 2023ರ ಕಾರುಗಳನ್ನು ಎಣಿಸಿದಾಗ ಅಮೆರಿಕದಲ್ಲಿ ನೂರಕ್ಕೆ ಎಂಬತ್ತು ಕಾರು ಬಿಳಿ, ಕಪ್ಪು, ಬೂದು, ಬೆಳ್ಳಿ. 2004ರಲ್ಲಿ ಈ ನಾಲ್ಕೂ ಸೇರಿ ಅರುವತ್ತರಷ್ಟಿದ್ದವು. ನಡುವಿನ ಇಪ್ಪತ್ತು ವರ್ಷದಲ್ಲಿ ಹಸಿರು, ಕಂದು, ಬಂಗಾರದ ಬಣ್ಣಗಳು ಮೆಲ್ಲಗೆ ಎದ್ದುಹೋದವು, ಮದುವೆಮನೆಯಲ್ಲಿ ಊಟ ಮುಗಿಸಿದ ನೆಂಟರ ಹಾಗೆ.

ಕಾರು ಸಿಕ್ಕಿದ್ದು ಎರಡನೇ ಅಂತಸ್ತಿನಲ್ಲಿ. ಅದು ಬೇರೆ ಮಾತು.

ಹೊರಗೆ ಬಂದರೆ ಕಣ್ಣಿಗೆ ಒಮ್ಮೆಲೇ ಬಣ್ಣ. ವಾಲ್ನಟ್ ಕ್ರೀಕಿನ ಬೀದಿಬದಿಯ ಪಿಸ್ತಾ ಜಾತಿಯ ಮರಗಳು ಕಿತ್ತಳೆಗೂ ಕೆಂಪಿಗೂ ನಡುವೆ ತೂಗಾಡುವ ಕಾಲ ಅದು. ಮೂಡಲಲ್ಲಿ ಮೌಂಟ್ ಡಯಾಬ್ಲೊ ಒಣಹುಲ್ಲಿನ ಹೊಂಬಣ್ಣ ಹೊದ್ದು ಕೂತಿತ್ತು. ನಾಲ್ಕು ಮಳೆ ಬಿದ್ದರೆ ಸಾಕು, ಇದೇ ಗುಡ್ಡಗಳು ನಮ್ಮ ಆಷಾಢದ ಗದ್ದೆಬದಿಯಂತೆ ಹಸಿರಾಗುತ್ತವೆ. ಗುಡ್ಡ ವರ್ಷಕ್ಕೆ ಎರಡು ಸಲ ಬಣ್ಣ ಬದಲಿಸುತ್ತದೆ. ಅದರ ಬುಡದಲ್ಲಿ ಹರಿಯುವ 680ನೇ ಹೆದ್ದಾರಿಗೆ ಮಾತ್ರ ವರ್ಷವಿಡೀ ಸೂತಕ.

ನಾವು ಹೊರಟಿದ್ದು ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನಕ್ಕೆ. ಆಯುಧಪೂಜೆ ವಾರದ ನಡುವೆ ಬಿದ್ದಿತ್ತು. ಇಲ್ಲಿ ದೇವರೂ ಹಬ್ಬಗಳೂ ಶನಿವಾರಕ್ಕೆ ಜರುಗಿಕೊಳ್ಳುತ್ತವೆ.

ದಾರಿಯುದ್ದಕ್ಕೂ ಅಮ್ಮ ಕಾರುಗಳನ್ನೇ ನೋಡುತ್ತಿದ್ದಳು. ‘ಬಣ್ಣ ಹಾಳಾಗಲಿ, ಮುಖಾನೂ ಒಂದೇ ಅಲ್ಲವೋ? ಎಲ್ಲವೂ ಸಿಟ್ಟು ಬಂದವರ ಹಾಗೆ ನೋಡ್ತವೆ.’ ನಿಜ. ಸಣ್ಣಗೆ ಸೀಳಿದ ದೀಪದ ಕಣ್ಣು, ಉಬ್ಬಿದ ಎದೆ, ಹಿಂದಕ್ಕೆ ಇಳಿಯುವ ಮಾಡು. ಆರ್‌ಎವಿ4, ಸಿಆರ್-ವಿ, ಮಾಡೆಲ್ ವೈ. ಲಾಂಛನ ಮುಚ್ಚಿದರೆ ಒಂದೇ ತಾಯಿಯ ಮಕ್ಕಳು. ವಿಂಡ್ ಟನೆಲ್ಲಿನಲ್ಲಿ ಗಾಳಿ ಬಿಟ್ಟು ಮೈ ತಿದ್ದುತ್ತಾರೆ, ಗಾಳಿಗೋ ಎಲ್ಲ ಕಂಪನಿಯಲ್ಲೂ ಒಂದೇ ಸ್ವಭಾವ. ಬ್ಯಾಟರಿ ಬಂಡಿಗಂತೂ ಗಾಳಿ ಸೀಳಿಕೊಂಡು ಹೋದಷ್ಟೂ ದೂರ. ಪಲ್ಟಿಯಾದರೆ ಮಾಡು ಕುಸಿಯಬಾರದೆಂಬ ನಿಯಮಕ್ಕೆ ಕಂಬಗಳು ದಪ್ಪಗಾದವು, ಕಿಟಕಿಗಳು ಕಿರಿದಾದವು. ಮೇಲೆ, 1975ರಲ್ಲಿ ಪೆಟ್ರೋಲ್ ಉಳಿಸಲೆಂದು ಬಂದ ಕಾನೂನು ಕಾರಿಗೊಂದು, ಲಘು ಟ್ರಕ್ಕಿಗೊಂದು ಲೆಕ್ಕವಿಟ್ಟಿತು. ಟ್ರಕ್ಕಿನದು ಸಡಿಲ. ಕಂಪನಿಗಳು ಕಾರನ್ನೇ ತುಸು ಎತ್ತರಿಸಿ ಟ್ರಕ್ಕಿನ ಪಂಗಡಕ್ಕೆ ಸೇರಿಸಿದವು. ಈಗ ಇಡೀ ಹೆದ್ದಾರಿ ಸೊಂಟ ಎತ್ತಿಕೊಂಡು ಓಡುತ್ತಿದೆ.

ಆಕಾರಕ್ಕಾದರೂ ಈ ಸಬೂಬುಗಳಿವೆ. ಬಣ್ಣಕ್ಕೇನಿದೆ? ಬೇಸಿಗೆಯಲ್ಲಿ ಈ ಊರು 38 ಡಿಗ್ರಿ ಮುಟ್ಟುವುದುಂಟು, ಆದ್ದರಿಂದ ಬಿಳಿಯನ್ನು ಒಪ್ಪೋಣ. ಆ ಬಿಸಿಲಿನಲ್ಲಿ ಕಪ್ಪು ಕಾರು ಯಾಕೆ? ಹವಾನಿಯಂತ್ರಣದ ಹೊರೆ ತಗ್ಗಿಸಲು ಬಿಸಿಲು ಹಿಮ್ಮೆಟ್ಟಿಸುವ ಪೇಂಟು ಬರಲಿ ಎಂದು 2009ರಲ್ಲಿ ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಯೋಚಿಸಿದ್ದಕ್ಕೇ ‘ಸರ್ಕಾರ ಕಪ್ಪು ಕಾರು ನಿಷೇಧಿಸುತ್ತದಂತೆ’ ಎಂದು ಗುಲ್ಲೆದ್ದಿತು. ಹಾಗೇನಿಲ್ಲ ಎಂದು ಮಂಡಳಿಯೇ ಹೇಳಬೇಕಾಯಿತು.

ನನ್ನನ್ನೇ ಕೇಳಿಕೊಂಡೆ, ಬೂದು ಯಾಕೆ ಕೊಂಡೆ? ಷೋರೂಮಿಗೆ ಹೋದಾಗ ಮನಸ್ಸಿನಲ್ಲಿ ಇದ್ದದ್ದು ನೀಲಿ. ಅಂಗಳದಲ್ಲಿ ತಯಾರಿದ್ದವು ಬೂದು, ಬಿಳಿ. ನೀಲಿಗೆ ಕಾಯಬೇಕು. ‘ಮುಂದೆ ಮಾರುವಾಗ ಬೂದು ಸಲೀಸು’ ಎಂದ ಮಾರಾಟದ ಹುಡುಗ. ಹೀಗೆ, ಆರೇಳು ವರ್ಷದ ನಂತರ ಬರುವ, ಮುಖ ಕಾಣದ ಯಾವನಿಗೋ ಹಿಡಿಸಲಿ ಎಂದು ನನ್ನ ದುಡ್ಡಿನಲ್ಲಿ ಅವನ ಕಾರು ಕೊಂಡುಬಂದೆ. ಈ ಹೆದ್ದಾರಿಯಲ್ಲಿ ಓಡುವವರಲ್ಲಿ ಬಹಳ ಮಂದಿ ಹೀಗೆ ಇನ್ನೊಬ್ಬರ ಕಾರು ಓಡಿಸುವವರೇ. ತಮಾಷೆಯೆಂದರೆ ಅದೇ ಐಸೀಕಾರ್ಸ್ ಲೆಕ್ಕದಲ್ಲಿ ಮರುಮಾರಾಟಕ್ಕೆ ಎಲ್ಲಕ್ಕಿಂತ ಕಡಿಮೆ ಬೆಲೆ ಕಳೆದುಕೊಳ್ಳುವುದು ಹಳದಿ!

ಡ್ಯಾನ್‌ವಿಲ್ ಬಂದಾಗ ಹೆದ್ದಾರಿ ಬಿಟ್ಟು ಬ್ಲಾಕ್‌ಹಾಕ್ ಮ್ಯೂಸಿಯಮ್ಮಿಗೆ ಹೊಕ್ಕೆವು. 1988ರಿಂದ ಹಳೆಯ ಕಾರುಗಳನ್ನು ಒಡವೆಗಳ ಹಾಗೆ ಮಂದ ಬೆಳಕಿನಲ್ಲಿ ಇಟ್ಟು ತೋರಿಸುವ ಜಾಗ. ಆ ಕಾಲದ ಸಿರಿವಂತ ಡ್ಯೂಸೆನ್‌ಬರ್ಗಿನಂಥ ಕಂಪನಿಯಿಂದ ಎಂಜಿನ್ನು, ಚಾಸಿ ಮಾತ್ರ ಕೊಳ್ಳುತ್ತಿದ್ದ, ಮೈಯನ್ನು ಬೇರೆ ಕುಶಲಿಗರ ಹತ್ತಿರ ಕಟ್ಟಿಸಿಕೊಳ್ಳುತ್ತಿದ್ದ, ಬಟ್ಟೆ ಕೊಟ್ಟು ಅಂಗಿ ಹೊಲಿಸಿದ ಹಾಗೆ. ಅಮ್ಮ ಒಂದೊಂದರ ಮುಂದೆಯೂ ಕೈಕಟ್ಟಿ ನಿಂತಳು.

ಬಡವರ ಕಾರಿಗೆ ಆ ಭಾಗ್ಯವಿರಲಿಲ್ಲ ಎನ್ನಿ. ಫೋರ್ಡ್ ತನ್ನ ಮಾಡೆಲ್ ಟಿಯನ್ನು ಕಪ್ಪಿಗೆ ಕಟ್ಟಿಹಾಕಿದ್ದು 1914ರಲ್ಲಿ. ಕಪ್ಪು ಅಗ್ಗ, ಬಾಳಿಕೆ ಬರುತ್ತಿತ್ತು, ಒಂದೇ ಬಣ್ಣವಾದರೆ ಕಾರ್ಖಾನೆಯ ಸಾಲು ಎಲ್ಲೂ ತಡೆಯಬೇಕಿರಲಿಲ್ಲ. ಅಕ್ರೋಟಿನ ತೋಟಗಳ ವಾಲ್ನಟ್ ಕ್ರೀಕ್ ನಗರಸಭೆಯಾದದ್ದೂ ಅದೇ ವರ್ಷ. ಈ ಊರಿಗೆ ಏಕವರ್ಣದ ಕಾರು ಹೊಸದಲ್ಲ. ಮುಂದೆ 1923ರಲ್ಲಿ ಡುಪಾಂಟಿನ ಡ್ಯೂಕೊ ಎಂಬ ಬೇಗ ಒಣಗುವ ಪೇಂಟು ಬಂತು, ಜನರಲ್ ಮೋಟರ್ಸ್ ನೀಲಿ ಓಕ್‌ಲ್ಯಾಂಡ್ ಕಾರು ಹೊರತಂದಿತು. 1926ಕ್ಕೆ ಫೋರ್ಡೂ ಮಣಿದ. 1927ರಲ್ಲಿ ಜನರಲ್ ಮೋಟರ್ಸಿನಲ್ಲಿ ವಿನ್ಯಾಸಕಾರ ಹಾರ್ಲಿ ಅರ್ಲ್ ಕೈಗೆ ಕಲೆ ಮತ್ತು ಬಣ್ಣದ್ದೇ ವಿಭಾಗ ಬಂತು. ಐವತ್ತರ ದಶಕದ ಹೊತ್ತಿಗೆ ಮೇಲೆ ಕೆನೆ, ಕೆಳಗೆ ನವಿಲುನೀಲಿ.

‘ನಮ್ಮಲ್ಲಿ ಏನಿತ್ತು? ಅಂಬಾಸಡರ್, ಫಿಯಟ್, ಮುಗಿಯಿತು’ ಎಂದೆ.

‘ಆದರೂ ಗೊತ್ತಾಗ್ತಿತ್ತು’ ಎಂದಳು ಅಮ್ಮ. ‘ಡಾಕ್ಟರದ್ದು ಗಿಳಿಹಸಿರು ಫಿಯಟ್ಟು. ಅಡಿಕೆ ಸಾಹುಕಾರರದ್ದು ಕರೀ ಅಂಬಾಸಡರ್, ಹಿಂದಿನ ಗಾಜಿಗೆ ಕ್ರೋಶಾ ಪರದೆ. ಸೇತುವೆ ಮೇಲೆ ಬರುವಾಗಲೇ ಯಾರ ಮನೆಯ ಕಾರು ಅಂತ ಹುಡುಗರು ಕೂಗ್ತಿದ್ದರು.’ ಅದು ಸರಿಯೇ. ಜಾತಿ ಎರಡೇ ಇದ್ದರೂ ಪ್ರತಿಯೊಂದಕ್ಕೂ ಮನೆಯ ಗುರುತಿರುತ್ತಿತ್ತು. ಗಾಜಿನ ಮೇಲೆ ಮನೆದೇವರ ಹೆಸರು, ಬಾಗಿಲಿಗೆ ಊರ ಪೇಂಟರನ ಕೈಬರಹ. ಇಲ್ಲಿ ನೂರಾರು ಮಾಡೆಲ್ಲುಗಳಿದ್ದರೂ ಗೀಚಿದ ಗಾಯವೊಂದೇ ಗುರುತು.

ಲಿವರ್‌ಮೋರ್ ತಲುಪುವಾಗ ಬಿಸಿಲು ಇಳಿಯುತ್ತಿತ್ತು. ದೇವಸ್ಥಾನದ ಪಾರ್ಕಿಂಗಿನಲ್ಲಿ ವಾಹನಪೂಜೆಗೆ ಬಂದವರ ಸಾಲು. ‘ಬೂದು ಬಣ್ಣದವರು ಮುಂದೆ ಬನ್ನಿ’ ಎಂದು ಯಾರೋ ಕರೆದರು, ಐದು ಮಂದಿ ಹೆಜ್ಜೆ ಇಟ್ಟೆವು. ಪುರೋಹಿತರಿಗೂ ನಗು ತಡೆಯಲಿಲ್ಲ. ಬಾನೆಟ್ಟಿನ ಮೇಲೆ ಅರಿಸಿನ ಬೊಟ್ಟು, ಅದರ ನಡುವೆ ಕುಂಕುಮ. ಸೇವಂತಿಗೆ ಮಾಲೆ. ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು. ಆರತಿಯ ಬೆಳಕು ಪೇಂಟಿನ ಮೇಲೆ ಜಾರಿದಾಗ, ಆ ಬೂದಿಯೊಳಗೆ ಸಣ್ಣದೊಂದು ನೀಲಿ ಮಿಂಚು ಇದ್ದದ್ದು ನನಗೆ ಮೊದಲ ಸಲ ಕಂಡಿತು. ನಿಂಬೆ ಹಿಚುಕಿದ ಸದ್ದು ಸಾಲಿನುದ್ದಕ್ಕೂ ಒಂದರ ಹಿಂದೊಂದು ಕೇಳಿಸಿತು.

‘ತೊಳೀಬೇಡ, ಗುರುತಿಗಿರಲಿ’ ಎಂದಳು ಅಮ್ಮ.

ಸೋಮವಾರ ಸಂಜೆ ಕೆಲಸ ಮುಗಿಸಿ ವಾಲ್ನಟ್ ಕ್ರೀಕಿನ ಬಾರ್ಟ್ ರೈಲು ನಿಲ್ದಾಣದಲ್ಲಿ ಇಳಿದೆ. ನಕ್ಷೆಯಲ್ಲಿ ನಮ್ಮದು ಹಳದಿ ದಾರಿ, ಪಕ್ಕದವು ಕೆಂಪು, ನೀಲಿ, ಹಸಿರು. ಓಡುವ ರೈಲುಗಳ ಮೈ ಮಾತ್ರ ಬೆಳ್ಳಿಯದು. ಎತ್ತರದ ಪ್ಲಾಟ್‌ಫಾರಂನಿಂದ ಬಗ್ಗಿದರೆ ಕೆಳಗೆ ಕಾರುಗಳ ಮಾಡುಗಳು, ಮಳೆ ಬರುವ ಮುಂಚಿನ ಆಕಾಶವನ್ನು ಚೂರು ಮಾಡಿ ಹರಡಿದಂತೆ. ಕೀಲಿ ಒತ್ತುವ ಗೋಜಿಗೇ ಹೋಗಲಿಲ್ಲ. ನೆಟ್ಟಗೆ ನಡೆದು, ಕುಂಕುಮದ ಬೊಟ್ಟು ಕಂಡ ಕಾರಿನ ಹಿಡಿಕೆ ಎಳೆದೆ. ತೆರೆಯಲಿಲ್ಲ. ಮತ್ತೆ ಎಳೆದೆ.

ಲ್ಯಾಪ್‌ಟಾಪ್ ಚೀಲ ಹೊತ್ತ ಒಬ್ಬಾತ ಪಕ್ಕದಲ್ಲಿ ಬಂದು ನಿಂತ. ‘ಇದು ನಮ್ದು ಸಾರ್’ ಎಂದ, ಅಚ್ಚ ಬೆಂಗಳೂರು ಕನ್ನಡದಲ್ಲಿ. ಆಮೇಲೆ ಸುತ್ತ ಕಣ್ಣಾಡಿಸಿ, ‘ಆ ಸಾಲಲ್ಲಿ ಒಂದಿದೆ ನೋಡಿ, ಅದಕ್ಕೂ ಕುಂಕುಮ ಇದೆ. ಅದರ ಹಿಂದಿನ ಸಾಲಲ್ಲೂ ಒಂದಿದೆ’ ಎಂದ.