ಕಂಬದ ಬಿರುಕಲ್ಲಿ ಕಂದು ಕಲೆ ಏಕೆ?

ನಮ್ಮ ಅಂಗಡಿ ಇರುವ ವಾಣಿಜ್ಯ ಸಂಕೀರ್ಣದ ಕಂಬಗಳಲ್ಲಿ ಉದ್ದುದ್ದ ಬಿರುಕು, ಕಂದು ಕಲೆ ಕಾಣುತ್ತಿವೆ. ಕಟ್ಟಡ ಶಿಥಿಲವಾಗುತ್ತಿದೆಯೇ?

ಬಹುಮಟ್ಟಿಗೆ ಹೌದು. ಆ ಕಂದು ಬಣ್ಣ ಒಳಗಿನ ಕಬ್ಬಿಣದ ಸರಳಿನ ತುಕ್ಕು. ಹೊಸ ಕಾಂಕ್ರೀಟು ತೀವ್ರ ಕ್ಷಾರೀಯ; ಅದರ ಪಿಎಚ್ 12ಕ್ಕಿಂತ ಹೆಚ್ಚು. ಈ ಕ್ಷಾರದಿಂದಾಗಿ ಸರಳಿನ ಮೇಲೆ ತೆಳ್ಳನೆಯ ರಕ್ಷಾಪದರ ಮೂಡಿರುತ್ತದೆ. ವರ್ಷಗಳು ಕಳೆದಂತೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಳಹೊಕ್ಕು ಕ್ಷಾರವನ್ನು ತಗ್ಗಿಸುತ್ತದೆ. ಕರಾವಳಿಯಲ್ಲಾದರೆ ಉಪ್ಪಿನ ಕ್ಲೋರೈಡು ಆ ಪದರವನ್ನೇ ಭೇದಿಸುತ್ತದೆ. ಆಮೇಲೆ ನೀರು, ಆಮ್ಲಜನಕ ಸಿಕ್ಕರೆ ಸಾಕು, ತುಕ್ಕು ಶುರು.

ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಜಾಗ ಬೇಕು. ಗೋಡೆಯ ಸಂದಿಯಲ್ಲಿ ಬೇರುಬಿಟ್ಟ ಅರಳಿ ಸಸಿ ದಪ್ಪವಾಗುತ್ತ ಗೋಡೆಯನ್ನು ಸೀಳುವಂತೆ, ತುಕ್ಕು ಒಳಗಿನಿಂದ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ಬಿರುಕು ಸರಳಿನ ಗುಂಟವೇ ಮೂಡುವುದು ಇದಕ್ಕೆ. ಜೇಡರ ಬಲೆಯಂಥ ಕೂದಲೆಳೆ ಬಿರುಕುಗಳು ಸಾಮಾನ್ಯವಾಗಿ ಗಾರೆ ಒಣಗುವಾಗ ಆದವು, ಅಷ್ಟು ಚಿಂತೆ ಬೇಡ.

ನೆಲಮಾಳಿಗೆಯ ಪಾರ್ಕಿಂಗ್, ಶೌಚಾಲಯದ ಕೆಳಗಿನ ಸ್ಲ್ಯಾಬು, ನೀರಿನ ಟ್ಯಾಂಕಿನ ಅಡಿ ಮೊದಲು ನೋಡಿ. ಅಂಗಡಿಗಳ ಫಾಲ್ಸ್ ಸೀಲಿಂಗ್ ಎಷ್ಟೋ ಲಕ್ಷಣಗಳನ್ನು ಮರೆಮಾಡಿಬಿಡುತ್ತದೆ; ಅದನ್ನು ಬಿಚ್ಚಿಸಿಯೇ ನೋಡಬೇಕು. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಕಾಂಕ್ರೀಟು ಒಳಗೆ ಬಿಟ್ಟುಕೊಂಡಿದೆ ಎಂದರ್ಥ. ಗಾರೆ ಮೆತ್ತಿ ಬಣ್ಣ ಹೊಡೆಸುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ ತೋರಿಸಿ.